ಗಾಳಿಯ ಬೇನೆ, ಸೂಜಿಯ ಮೊನೆ

ಪಾರ್ಶ್ವವಾಯು ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಅದರ ಒಳಗೆ ಏನು ಅಡಗಿದೆಯೆಂದು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಪಾರ್ಶ್ವವೆಂದರೆ ಮಗ್ಗುಲು, ವಾಯುವೆಂದರೆ ಗಾಳಿ. ದೇಹದ ಒಂದು ಮಗ್ಗುಲಿಗೆ ಬಂದೆರಗಿದ ಗಾಳಿಯೇ ಪಾರ್ಶ್ವವಾಯು. ಆಯುರ್ವೇದವು ಇದನ್ನು ಪಕ್ಷವಧ, ಪಕ್ಷಾಘಾತ ಎಂದು ಕರೆದು ವಾತದ ಎಂಬತ್ತು ವ್ಯಾಧಿಗಳಲ್ಲಿ ಎಣಿಸಿತು. ಜನರ ಬಾಯಲ್ಲಿ ಇದು ಲಕ್ವ. ಆ ಮಾತು ಅರಬ್ಬಿಯಿಂದ ಬಂದದ್ದು. ಹೆಸರು ಯಾವುದಾದರೇನು, ಕ್ರಿಯಾಪದ ಮಾತ್ರ ಒಂದೇ. ಜ್ವರ ಬರುತ್ತದೆ, ನೆಗಡಿ ಆಗುತ್ತದೆ, ಕೆಮ್ಮು ಹತ್ತುತ್ತದೆ, ಪಾರ್ಶ್ವವಾಯು ಬಡಿಯುತ್ತದೆ.

ಚೀನೀಯರೂ ಇದನ್ನು ಗಾಳಿಯೆಂದೇ ಕರೆದರು ಎಂಬುದು ನನಗೆ ಮೊದಲು ತಿಳಿದಾಗ ಆದ ಬೆರಗು ಇನ್ನೂ ಮಾಸಿಲ್ಲ. ಅವರ ಮಾತು ‘ಜೊಂಗ್‌ಫೆಂಗ್’. ‘ಫೆಂಗ್’ ಎಂದರೆ ಗಾಳಿ. ‘ಜೊಂಗ್’ ಎಂದರೆ ಬಾಣವು ಗುರಿಗೆ ನಾಟುವಂತೆ ತಾಗುವುದು. ಗಾಳಿ ಬಡಿದದ್ದು ಎಂದೇ ಅರ್ಥ. ಹಿಮಾಲಯದ ಆಚೆಗೂ ಈಚೆಗೂ ಇದ್ದ ಎರಡು ಜನಾಂಗಗಳು ಒಂದೇ ಬೇನೆಗೆ ಒಂದೇ ಹೋಲಿಕೆಯನ್ನು ಕಂಡುಕೊಂಡವು. ಒಂದು ಇನ್ನೊಂದರಿಂದ ಕಲಿಯಿತೆಂದು ಹೇಳಲು ಆಧಾರ ಬೇಡವೆ? ನಾನು ಹಾಗೆ ಹೇಳುವುದಿಲ್ಲ. ಇಬ್ಬರೂ ಕಂಡದ್ದು ಒಂದೇ ದೃಶ್ಯ: ಬೆಳಗ್ಗೆ ನಗುನಗುತ್ತಿದ್ದವನು ಮಧ್ಯಾಹ್ನಕ್ಕೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿ ಬಿದ್ದಿದ್ದಾನೆ, ಮೈಮೇಲೆ ಗಾಯವಿಲ್ಲ, ಹೊಡೆದವರು ಕಾಣುವುದಿಲ್ಲ. ಕಾಣದೆ ಬಂದು ಮರವನ್ನು ಉರುಳಿಸಿ ಹೋಗುವುದು ಗಾಳಿಯಲ್ಲದೆ ಮತ್ತೇನು? ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದರಿಂದಲೋ ನಾಳ ಒಡೆಯುವುದರಿಂದಲೋ ಇದು ಆಗುತ್ತದೆಂದು ಇಂದು ನಾವು ಬಲ್ಲೆವು. ಹಾಗೆ ತಿಳಿಯುವುದಕ್ಕೆ ಮುಂಚೆ ಎರಡು ಸಾವಿರ ವರ್ಷ ಚೀನೀಯರು ಈ ಗಾಳಿಯೊಡನೆ ಹೇಗೆ ಹೆಣಗಿದರು, ಅದು ಬೀಸುವ ಮುನ್ನ ಏನು ಮಾಡಿದರು, ಬೀಸಿ ಹೋದ ಮೇಲೆ ಏನು ಮಾಡಿದರು ಎಂಬುದೇ ಈ ಭಾಷಣದ ವಿಷಯ.

ಚೀನೀ ವೈದ್ಯದ ಮೂಲಗ್ರಂಥ ‘ಹ್ವಾಂಗ್‌ದಿ ನೇಜಿಂಗ್’. ಹಳದಿ ಚಕ್ರವರ್ತಿಯ ಅಂತರಂಗ ಶಾಸ್ತ್ರ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಕ್ರಿಸ್ತಪೂರ್ವ ಎರಡು, ಒಂದನೆಯ ಶತಮಾನಗಳ ಸುಮಾರಿಗೆ ಅದು ಸಂಕಲನಗೊಂಡಿತೆಂದು ವಿದ್ವಾಂಸರ ಮತ. ಪುರಾಣಪುರುಷನಾದ ಚಕ್ರವರ್ತಿ ಪ್ರಶ್ನೆ ಕೇಳುತ್ತಾನೆ, ಚಿ ಬೊ ಎಂಬ ವೈದ್ಯ ಉತ್ತರಿಸುತ್ತಾನೆ. ಆತ್ರೇಯ ಅಗ್ನಿವೇಶರ ಸಂವಾದವನ್ನು ಬಲ್ಲ ನಮಗೆ ಈ ಕಟ್ಟು ಹೊಸದೇನಲ್ಲ. ಶರೀರದಲ್ಲಿ ‘ಚಿ’ ಎಂಬ ಜೀವಬಲ ಹರಿಯುತ್ತದೆ. ಅದಕ್ಕೆ ಹನ್ನೆರಡು ಮುಖ್ಯ ಹಾದಿಗಳುಂಟು. ಹರಿವು ತಡೆದರೆ ರೋಗ, ಸರಾಗವಾದರೆ ಆರೋಗ್ಯ. ಹಾದಿಯ ಮೇಲಿನ ನಿಯತ ಬಿಂದುಗಳಲ್ಲಿ ಸೂಜಿ ಚುಚ್ಚಿ ಇಲ್ಲವೆ ಕಾವು ಕೊಟ್ಟು ಆ ಹರಿವನ್ನು ತಿದ್ದಬಹುದು. ಇದು ಸಿದ್ಧಾಂತದ ಸಾರ. ನಮ್ಮ ಪ್ರಾಣ, ನಾಡಿಗಳ ನೆನಪು ಇಲ್ಲಿ ಸಹಜವಾಗಿಯೇ ಆಗುತ್ತದೆ. ಆದರೆ ನೆನಪಾಗುವುದು ಬೇರೆ, ಒಂದೇ ಆಗಿರುವುದು ಬೇರೆ.

ಈ ಗ್ರಂಥದ ನಿಜವಾದ ಹಿರಿಮೆ ಇರುವುದು ಅದರ ಎರಡನೆಯ ಅಧ್ಯಾಯದ ಒಂದು ವಿಚಾರದಲ್ಲಿ. ಜ್ಞಾನಿಯಾದವನು ಬಂದ ರೋಗಕ್ಕೆ ಮದ್ದು ಮಾಡುವುದಕ್ಕಿಂತ ಬಾರದಿರುವ ರೋಗಕ್ಕೆ ಮದ್ದು ಮಾಡುತ್ತಾನೆ ಎಂಬುದು ಆ ವಿಚಾರ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬುದು ನಮ್ಮ ಗಾದೆ. ಆ ಬಾವಿಯೇ ಚೀನೀ ಗ್ರಂಥದಲ್ಲಿಯೂ ಇದೆ; ಅಲ್ಲಿ ಬೆಂಕಿಯ ಬದಲು ಬಾಯಾರಿಕೆ, ಅಷ್ಟೆ. ಋತುವಿಗೆ ತಕ್ಕ ಊಟ, ನಿದ್ದೆ, ದುಡಿಮೆ, ಮನಸ್ಸಿನ ಹದ, ಇವೇ ಮೊದಲ ಮದ್ದು. ಸೂಜಿ ಆಮೇಲಿನ ಮಾತು.

ಇದೇ ವಿಚಾರವನ್ನು ಕತೆಯಾಗಿ ಹೇಳಿದವನು ಚೀನದ ಮಹಾ ಇತಿಹಾಸಕಾರ ಸಿಮಾ ಚಿಯೆನ್. ಕತೆಯ ನಾಯಕ ಬಿಯೆನ್ ಚ್ಯುಯೆ ಎಂಬ ವೈದ್ಯ. ಆತ ಒಮ್ಮೆ ಚಿ ರಾಜ್ಯದ ದೊರೆಯನ್ನು ಕಂಡು, ನಿಮಗೊಂದು ರೋಗವಿದೆ, ಇನ್ನೂ ಚರ್ಮದಲ್ಲಿದೆ, ಈಗಲೇ ನೋಡಿಕೊಳ್ಳಿ ಎಂದ. ತನಗೆ ಏನೂ ಆಗಿಲ್ಲವೆಂದು ದೊರೆ ನಕ್ಕ. ವೈದ್ಯನು ಹೊರಗೆ ಹೋದ ಮೇಲೆ, ಇಲ್ಲದ ರೋಗವನ್ನು ವಾಸಿಮಾಡಿ ದುಡ್ಡು ಗಳಿಸುವ ಹಂಚಿಕೆ ಎಂದು ಪರಿವಾರದವರೊಡನೆ ಆಡಿಕೊಂಡ. ಐದು ದಿನದ ಮೇಲೆ ಬಂದ ವೈದ್ಯ, ರೋಗ ರಕ್ತನಾಳಕ್ಕೆ ಇಳಿದಿದೆ ಎಂದ. ಮತ್ತೆ ಐದು ದಿನದ ಮೇಲೆ, ಕರುಳಿಗೆ ಹೊಕ್ಕಿದೆ ಎಂದ. ದೊರೆ ಮುಖ ತಿರುಗಿಸಿದ. ನಾಲ್ಕನೆಯ ಸಲ ವೈದ್ಯನು ದೂರದಿಂದಲೇ ದೊರೆಯನ್ನು ನೋಡಿ ಓಡಿಹೋದ. ಕಾರಣ ಕೇಳಿಸಿದಾಗ, ಚರ್ಮದಲ್ಲಿದ್ದಾಗ ಶಾಖ ಸಾಕಿತ್ತು, ನಾಳದಲ್ಲಿದ್ದಾಗ ಸೂಜಿ ಸಾಕಿತ್ತು, ಕರುಳಿನಲ್ಲಿದ್ದಾಗ ಮದ್ದಿನ ಮದ್ಯವಾದರೂ ನಡೆಯುತ್ತಿತ್ತು, ಈಗ ಮಜ್ಜೆಯನ್ನು ಸೇರಿದೆ, ಹೇಳುವುದಕ್ಕೆ ಏನೂ ಉಳಿದಿಲ್ಲ ಎಂದು ಉತ್ತರ ಬಂತು. ದೊರೆ ಕೆಲವೇ ದಿನಗಳಲ್ಲಿ ತೀರಿಕೊಂಡ. ಕತೆ ಕತೆಯೇ ಇರಬಹುದು. ಇದರ ಕೊನೆಯಲ್ಲಿ ಸಿಮಾ ಚಿಯೆನ್ ವಾಸಿಯಾಗದ ಆರು ಬಗೆಯ ರೋಗಿಗಳನ್ನು ಎಣಿಸುತ್ತಾನೆ. ಮಾಟಗಾರರನ್ನು ನಂಬಿ ವೈದ್ಯರನ್ನು ನಂಬದವರು ಅವರಲ್ಲಿ ಒಂದು ಬಗೆ. ಕ್ರಿಸ್ತಪೂರ್ವ ಕಾಲದ ಲೇಖಕನೊಬ್ಬನು ಆಡಿದ ಈ ಮಾತು ಇಂದಿಗೂ ಹಳತಾಗಿಲ್ಲ.

ಗ್ರಂಥಗಳ ಸಾಕ್ಷ್ಯ ಹೀಗಿರಲು, ನೆಲದಡಿಯ ಸಾಕ್ಷ್ಯವೂ ದೊರೆತಿದೆ. ೧೯೬೮ರಲ್ಲಿ ಹೆಬೇ ಪ್ರಾಂತದ ಮಾನ್‌ಚೆಂಗ್ ಎಂಬಲ್ಲಿ ಲ್ಯೂ ಶೆಂಗ್ ಎಂಬ ರಾಜಕುಮಾರನ ಸಮಾಧಿಯನ್ನು ಅಗೆದರು. ಆತ ಸತ್ತದ್ದು ಕ್ರಿಸ್ತಪೂರ್ವ ೧೧೩ರಲ್ಲಿ. ಅಲ್ಲಿ ದೊರೆತ ವಸ್ತುಗಳಲ್ಲಿ ನಾಲ್ಕು ಚಿನ್ನದ, ಐದು ಬೆಳ್ಳಿಯ ಸೂಜಿಗಳಿದ್ದವು. ಐದು ವರ್ಷಗಳ ತರುವಾಯ, ೧೯೭೩ರಲ್ಲಿ, ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದ್ವೇ ಎಂಬ ದಿಬ್ಬದ ಮೂರನೆಯ ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಹೊರಬಂದವು. ಸಮಾಧಿಯನ್ನು ಮುಚ್ಚಿದ್ದು ಕ್ರಿಸ್ತಪೂರ್ವ ೧೬೮ರಲ್ಲಿ. ಈ ಬರಹಗಳಲ್ಲಿ ಹಾದಿಗಳು ಹನ್ನೆರಡಲ್ಲ, ಹನ್ನೊಂದು. ಚಿಕಿತ್ಸೆಯಾಗಿ ಕಾವು ಕೊಡುವುದನ್ನು ಹೇಳಿದೆಯೇ ಹೊರತು ಸೂಜಿ ಚುಚ್ಚುವ ಪ್ರಸ್ತಾಪವಿಲ್ಲ. ಅನಾದಿಕಾಲದಿಂದ ಸಿದ್ಧವಾಗಿ ಇಳಿದು ಬಂದ ಶಾಸ್ತ್ರವೆಂಬ ಭಾವನೆಗೆ ಇದರಿಂದ ಪೆಟ್ಟು ಬಿತ್ತು. ಈ ಶಾಸ್ತ್ರವೂ ಮನುಷ್ಯರು ಹಂತ ಹಂತವಾಗಿ, ತಿದ್ದುತ್ತ, ಕೂಡಿಸುತ್ತ ಕಟ್ಟಿದ್ದು. ಅದೇ ಸಮಾಧಿಯಲ್ಲಿ ಒಂದು ರೇಷ್ಮೆಯ ಚಿತ್ರಪಟವೂ ಸಿಕ್ಕಿತು. ನಲವತ್ತನಾಲ್ಕು ಜನ ಗಂಡಸರೂ ಹೆಂಗಸರೂ ಕೈ ಚಾಚಿ, ಸೊಂಟ ಬಾಗಿಸಿ ಅಂಗಸಾಧನೆ ಮಾಡುತ್ತಿರುವ ಚಿತ್ರಗಳು ಅದರಲ್ಲಿವೆ. ರೋಗ ಬಾರದಂತೆ ಮೈಯನ್ನು ಆಡಿಸುವ ಪಾಠ ಅದು.

ಕಾವು ಎಂದೆನಲ್ಲ, ಅದರ ವಿಷಯ ಒಂದು ಮಾತು. ಸೂಜಿಚಿಕಿತ್ಸೆಗೆ ಚೀನೀ ಹೆಸರು ‘ಜೆನ್‌ಜ್ಯೂ’. ಜೆನ್ ಎಂದರೆ ಸೂಜಿ, ಜ್ಯೂ ಎಂದರೆ ಸುಡುವುದು. ಒಣಗಿಸಿ ಕುಟ್ಟಿ ಹತ್ತಿಯಂತೆ ಮಾಡಿದ ಮಾಚಿಪತ್ರೆಯ ಜಾತಿಯ ಎಲೆಯನ್ನು ಬಿಂದುವಿನ ಮೇಲಿಟ್ಟು ಹೊತ್ತಿಸುವುದು ಈ ಸುಡುವಿಕೆಯ ಕ್ರಮ. ಏಳನೆಯ ಶತಮಾನದ ಮಹಾವೈದ್ಯ ಸುನ್ ಸಿಮಿಯಾವೊ, ದೂರದ ಜೌಗುನಾಡುಗಳಿಗೆ ಹೋಗುವ ಅಧಿಕಾರಿಗಳು ಮೈಮೇಲೆ ಇಂಥ ಕಾವಿನ ಗುರುತುಗಳನ್ನು ಸದಾ ಇಟ್ಟುಕೊಳ್ಳಬೇಕೆಂದು ವಿಧಿಸಿದ. ಮೊಣಕಾಲಿನ ಕೆಳಗಿನ ಬಿಂದುವೊಂದು ಇದಕ್ಕೆ ಪ್ರಸಿದ್ಧ. ಈ ಪದ್ಧತಿ ಜಪಾನಿಗೂ ಹೋಯಿತು. ಹೈಕು ಕವಿ ಬಾಶೋ ೧೬೮೯ರಲ್ಲಿ ಉತ್ತರ ದೇಶದ ಕಾಲುನಡಿಗೆಯ ಯಾತ್ರೆಗೆ ಹೊರಡುವ ಮುನ್ನ ಷರಾಯಿಯ ಹರಕನ್ನು ಹೊಲಿದು, ಮೊಣಕಾಲಿನ ಕೆಳಗೆ ಕಾವು ಹಾಕಿಕೊಂಡನೆಂದು ತಾನೇ ಬರೆದಿದ್ದಾನೆ. ಜಗತ್ತಿನ ಶ್ರೇಷ್ಠ ಪ್ರವಾಸಕಥನಗಳಲ್ಲಿ ಒಂದು ಹೀಗೆ ರೋಗ ತಡೆಯುವ ಕ್ರಿಯೆಯಿಂದ ಆರಂಭವಾಗುತ್ತದೆ.

ಇನ್ನು ಪಾರ್ಶ್ವವಾಯುವಿನ ಮಾತಿಗೆ ಬರೋಣ. ಸೂಜಿಚಿಕಿತ್ಸೆಗೆ ಮೊದಲ ಕ್ರಮಬದ್ಧ ಗ್ರಂಥವನ್ನು ಕೊಟ್ಟವನು ಸ್ವತಃ ಅರೆಮೈ ಸತ್ತುಹೋಗಿದ್ದ ಒಬ್ಬ ವಿದ್ವಾಂಸ. ಆತನ ಹೆಸರು ಹ್ವಾಂಗ್‌ಫು ಮಿ. ಕಾಲ ಕ್ರಿಸ್ತಶಕ ೨೧೫ರಿಂದ ೨೮೨. ಹರೆಯದಲ್ಲಿ ಆತ ಓದು ಬರಹ ಬೇಡವೆಂದು ಅಲೆದವನು. ಸಾಕಿದ ಚಿಕ್ಕಮ್ಮನಿಗೆ ಒಂದು ದಿನ ಹಣ್ಣು ಹಂಪಲು ತಂದುಕೊಟ್ಟಾಗ ಆಕೆ, ಇಪ್ಪತ್ತಾದರೂ ವಿದ್ಯೆಯಿಲ್ಲದವನ ಹಣ್ಣಿನಿಂದ ತನಗೇನು ಸಮಾಧಾನವೆಂದು ಕಣ್ಣೀರಿಟ್ಟಳಂತೆ. ಅಂದಿನಿಂದ ಆತ ಹೊಲ ಉಳುವಾಗಲೂ ಪುಸ್ತಕ ಬಿಡಲಿಲ್ಲ. ಪುಸ್ತಕದ ಹುಚ್ಚನೆಂದು ಜನ ಹೆಸರಿಟ್ಟರು. ಜಿನ್ ವಂಶದ ಚಕ್ರವರ್ತಿ ಪದವಿ ಕೊಡಲು ಕರೆದಾಗ ಒಪ್ಪದೆ, ಓದಲು ಪುಸ್ತಕಗಳನ್ನು ಎರವಲು ಕೊಡಿರೆಂದು ಬೇಡಿದ. ಚಕ್ರವರ್ತಿ ಒಂದು ಗಾಡಿಯ ತುಂಬ ಪುಸ್ತಕ ಕಳಿಸಿದ. ನಾಲ್ವತ್ತು ದಾಟಿದ ಮೇಲೆ ಆತನಿಗೆ ಗಾಳಿ ಬಡಿಯಿತು. ಕಿವಿಯೂ ಮಂದವಾಯಿತು. ಹಾಸಿಗೆಯಲ್ಲಿ ಬಿದ್ದವನು ಹಳೆಯ ಮೂರು ವೈದ್ಯಗ್ರಂಥಗಳನ್ನು ತರಿಸಿ, ಒಂದಕ್ಕೊಂದು ಹೋಲಿಸಿ, ಪುನರುಕ್ತಿಯನ್ನು ಕಳೆದು, ಬಿಂದುಗಳನ್ನು ಅಂಗವಾರಾಗಿ ಜೋಡಿಸಿ ‘ಜೆನ್‌ಜ್ಯೂ ಜ್ಯಾಯಿಜಿಂಗ್’ ಎಂಬ ಗ್ರಂಥವನ್ನು ರಚಿಸಿದ. ೩೪೯ ಬಿಂದುಗಳ ಹೆಸರು, ಸ್ಥಾನ, ಎಷ್ಟು ಆಳ ಚುಚ್ಚಬೇಕೆಂಬ ವಿವರ ಅದರಲ್ಲಿದೆ. ಮುಂದೆ ಕೊರಿಯ, ಜಪಾನುಗಳಲ್ಲಿಯೂ ಇದು ಪಠ್ಯವಾಯಿತು.

ಹಾಗಾದರೆ ಸೂಜಿಯಿಂದ ಆತನು ಎದ್ದು ನಡೆದನೆ? ಭಕ್ತರು ಹಾಗೆಂದು ಹೇಳುವುದುಂಟು. ಆದರೆ ಪದವಿಯನ್ನು ಬೇಡವೆಂದು ಚಕ್ರವರ್ತಿಗೆ ಬರೆದುಕೊಂಡ ಬಿನ್ನಹದಲ್ಲಿ ಆತನೇ ತನ್ನ ಸ್ಥಿತಿಯನ್ನು ತಿಳಿಸಿದ್ದಾನೆ: ಮೈಯ ಅರ್ಧಕ್ಕೆ ಸ್ಪರ್ಶಜ್ಞಾನವಿಲ್ಲ, ಬಲಗಾಲು ಸಣ್ಣಗಾಗಿದೆ, ಹೀಗಾಗಿ ಹತ್ತೊಂಬತ್ತು ವರ್ಷವಾಯಿತು. ಆ ಕಾಲದ ಶ್ರೀಮಂತರಲ್ಲಿ ಬಳಕೆಯಲ್ಲಿದ್ದ ಖನಿಜದ ಪುಡಿಯೊಂದನ್ನು ಸೇವಿಸಿ ಮತ್ತಷ್ಟು ನರಳಿದ್ದನ್ನೂ ಮುಚ್ಚಿಡದೆ ಬರೆದಿದ್ದಾನೆ. ಈ ಪ್ರಾಮಾಣಿಕತೆ ನನಗೆ ಆತನ ಗ್ರಂಥದಷ್ಟೇ ದೊಡ್ಡದಾಗಿ ಕಾಣುತ್ತದೆ. ಪೂರ್ತಿ ವಾಸಿಯಾಗದ ಮನುಷ್ಯ, ವಾಸಿಮಾಡುವ ವಿದ್ಯೆಯನ್ನು ಮುಂದಿನವರಿಗಾಗಿ ಹಸನು ಮಾಡಿಟ್ಟ.

ಗ್ರಂಥದಿಂದ ಕಲಿತದ್ದು ಕೈಗೆ ಬರಬೇಡವೆ? ಅದಕ್ಕಾಗಿ ಸೋಂಗ್ ವಂಶದ ಆಸ್ಥಾನವೈದ್ಯ ವಾಂಗ್ ವೇಯಿಯು ೧೦೨೭ರಲ್ಲಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಬಿಂದುಗಳಿರುವಲ್ಲಿ ಸಣ್ಣ ರಂಧ್ರಗಳು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು, ಒಳಗೆ ನೀರು ತುಂಬುತ್ತಿದ್ದರೆಂದು ಹೇಳುತ್ತಾರೆ. ವಿದ್ಯಾರ್ಥಿ ಸೂಜಿ ಚುಚ್ಚಿದಾಗ ನೀರು ಚಿಮ್ಮಿದರೆ ಉತ್ತೀರ್ಣ, ಇಲ್ಲವಾದರೆ ಇಲ್ಲ. ಪರೀಕ್ಷಕನಾಗಿ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇಷ್ಟು ನಿಷ್ಪಕ್ಷಪಾತವಾದ ಪರೀಕ್ಷೆ ಇನ್ನೊಂದು ತಿಳಿಯದು.

ಗಾಳಿ ಹೊರಗಿನಿಂದ ಬರುತ್ತದೆಂಬ ನಂಬಿಕೆಯೂ ಕಾಲಕ್ರಮದಲ್ಲಿ ಸಡಿಲಿತು. ಹನ್ನೆರಡರಿಂದ ಹದಿನಾಲ್ಕನೆಯ ಶತಮಾನದ ನಡುವಿನ ವೈದ್ಯರು ದೋಷ ಒಳಗೇ ಹುಟ್ಟುತ್ತದೆಂದು ವಾದಿಸಿದರು. ಒಬ್ಬರು ಉರಿಯೆಂದರು, ಒಬ್ಬರು ಬಲಹೀನತೆಯೆಂದರು, ಇನ್ನೊಬ್ಬರು ಕಫವೆಂದರು. ಕೊನೆಗೆ ವಾಂಗ್ ಚಿಂಗ್‌ರೆನ್ ಎಂಬ ಗಟ್ಟಿಗ ಬಂದ. ೧೭೯೭ರಲ್ಲಿ ಪಿಡುಗಿಗೆ ಸಿಕ್ಕು ಸತ್ತ ಮಕ್ಕಳ ಹೆಣಗಳನ್ನು ಬಡವರು ಆಳವಾಗಿ ಹೂಳದೆ ಹೋದ ಕಡೆ, ನಾಯಿಗಳು ಹರಿದಿದ್ದ ಆ ದೇಹಗಳನ್ನು ಹತ್ತು ದಿನ ಮೂಗು ಮುಚ್ಚಿಕೊಂಡು ಪರೀಕ್ಷಿಸಿ, ಹಳೆಯ ಗ್ರಂಥಗಳ ಅಂಗಚಿತ್ರಗಳು ತಪ್ಪೆಂದು ಕಂಡುಕೊಂಡ. ನೆನಪು ಇರುವುದು ಹೃದಯದಲ್ಲಲ್ಲ, ಮಿದುಳಿನಲ್ಲಿ ಎಂದು ಸಾರಿದ. ೧೮೩೦ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಅರೆಮೈ ಬಿದ್ದವರಿಗೆ ಒಂದು ಕಷಾಯವಿದೆ. ‘ಹ್ವಾಂಗ್‌ಚಿ’ ಎಂಬ ಬೇರು ಅದರಲ್ಲಿ ಮುಖ್ಯ, ಎರೆಹುಳುವೂ ಉಂಟು. ಚೀನದಲ್ಲಿ ಅದನ್ನು ಈಗಲೂ ಕೊಡುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಆತ ಬರೆದಿಟ್ಟ ಮುನ್ಸೂಚನೆಗಳ ಪಟ್ಟಿ. ಆಗಾಗ ತಲೆ ತಿರುಗುವುದು, ಕಿವಿಯಲ್ಲಿ ಮೊರೆತ, ರೆಪ್ಪೆ ಅದುರುವುದು, ಕೈಕಾಲು ಜೋಮು ಹಿಡಿದು ಬಿಡುವುದು, ಇವುಗಳನ್ನು ನೋವಿಲ್ಲವೆಂದು ಜನ ಕಡೆಗಣಿಸುತ್ತಾರೆ ಎಂದು ಆತ ಮರುಗಿದ. ಇವುಗಳಲ್ಲಿ ಎಲ್ಲವೂ ಅಲ್ಲದಿದ್ದರೂ, ಬಂದು ಹೋಗುವ ಜೋಮು, ತೊದಲುಗಳನ್ನು ಇಂದಿನ ವೈದ್ಯರೂ ದೊಡ್ಡ ಏಟಿನ ಮುಂಗುರುತುಗಳೆಂದೇ ಎಣಿಸುತ್ತಾರೆ. ಬಿಯೆನ್ ಚ್ಯುಯೆ ದೊರೆಯ ಚರ್ಮದಲ್ಲಿ ಕಂಡ ರೋಗವೆಂದರೆ ಇದೇ ಅಲ್ಲವೆ?

ಇದೇ ಸಮಯಕ್ಕೆ ಸೂಜಿಗೆ ಇಳಿಗಾಲ ಬಂದಿತ್ತು. ೧೮೨೨ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಆಸ್ಥಾನದ ವೈದ್ಯಶಾಲೆಯಿಂದ ಅದನ್ನು ಹೊರಹಾಕಿದರು. ೧೯೨೯ರಲ್ಲಿ ಗಣರಾಜ್ಯ ಸರಕಾರದ ವೈದ್ಯಸಮ್ಮೇಳನವು ಹಳೆಯ ವೈದ್ಯವನ್ನೆಲ್ಲ ನಿಲ್ಲಿಸಬೇಕೆಂಬ ಸಲಹೆಯನ್ನು ಮುಂದಿಟ್ಟಾಗ ಶಾಂಘೈಯಲ್ಲಿ ವೈದ್ಯರು ಸೇರಿ ಪ್ರತಿಭಟಿಸಿದರು. ಚೆಂಗ್ ದಾನಾನ್ ಎಂಬ ವೈದ್ಯನು ಸೂಜಿಯನ್ನು ಸಪೂರ ಮಾಡಿ, ರಕ್ತನಾಳಗಳ ಮೇಲೆ ಬೀಳುತ್ತಿದ್ದ ಬಿಂದುಗಳನ್ನು ಸರಿಸಿ, ಹೊಸ ಅಂಗರಚನಾಶಾಸ್ತ್ರದೊಡನೆ ಹೊಂದಿಸಿದ. ಇಂದು ಲೋಕವೆಲ್ಲ ಪ್ರಾಚೀನವೆಂದು ನಂಬಿರುವ ಕೂದಲೆಳೆಯ ಸೂಜಿಯ ಪದ್ಧತಿ ಬಹುಮಟ್ಟಿಗೆ ಈ ಇಪ್ಪತ್ತನೆಯ ಶತಮಾನದ ತಿದ್ದುಪಡಿಯ ಫಲ. ೧೯೪೯ರ ತರುವಾಯ ಕಮ್ಯುನಿಸ್ಟ್ ಸರಕಾರ ಅದನ್ನು ಎತ್ತಿ ಹಿಡಿಯಿತು. ಕೋಟ್ಯಂತರ ಜನರಿಗೆ ಹೊಸ ವೈದ್ಯದ ಡಾಕ್ಟರುಗಳು ಸಾಲದೆ ಇದ್ದುದೂ ಇದಕ್ಕೆ ದೊಡ್ಡ ಕಾರಣ. ೧೯೬೮ರಿಂದ ಹಳ್ಳಿಹಳ್ಳಿಗೆ ಹೋದ ‘ಬರಿಗಾಲ ವೈದ್ಯ’ರ ಚೀಲದಲ್ಲಿ ಸೂಜಿಯೂ ಇತ್ತು, ಲಸಿಕೆಯೂ ಇತ್ತು.

ಭಾರತಕ್ಕೆ ಈ ಸೂಜಿ ಬಂದ ದಾರಿ ಮನಮಿಡಿಯುವಂಥದು. ೧೯೩೮ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ನೆರವಾಗಲು ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲೊಬ್ಬರು ದ್ವಾರಕಾನಾಥ ಕೋಟ್ನಿಸ್. ಹುಟ್ಟೂರು ಸೊಲ್ಲಾಪುರ, ನಮ್ಮ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಯುದ್ಧರಂಗದಲ್ಲಿ ಗಾಯಾಳುಗಳ ಸೇವೆ ಮಾಡುತ್ತ ೧೯೪೨ರ ಡಿಸೆಂಬರ್ ೯ರಂದು, ಮೂವತ್ತೆರಡರ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಶಾಂತಾರಾಮರ ೧೯೪೬ರ ಚಲನಚಿತ್ರದಿಂದ ಅವರ ಹೆಸರು ಮನೆಮಾತಾಯಿತು. ಅವರ ಜೊತೆಗಾರ ಬಂಗಾಳದ ಬಿಜಯ್ ಕುಮಾರ್ ಬಸು ೧೯೪೩ರಲ್ಲಿ ಹಿಂದಿರುಗಿದರು. ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋದಾಗ ಅವರು ಸೂಜಿಚಿಕಿತ್ಸೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ೧೯೬೨ರ ಯುದ್ಧದ ಕಹಿಯ ನಡುವೆಯೂ ಆ ವಿದ್ಯೆ ಇಲ್ಲಿ ಬೇರೂರಿತು.

ಪಶ್ಚಿಮದವರ ಕಣ್ಣು ತೆರೆದದ್ದು ೧೯೭೧ರಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ನರಿಗೆ ಪೀಕಿಂಗಿನಲ್ಲಿ ಅಪೆಂಡಿಕ್ಸಿನ ಶಸ್ತ್ರಕ್ರಿಯೆಯಾಯಿತು. ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರೆಂದು ಸುದ್ದಿ ಹಬ್ಬಿತು. ನಿಜಸಂಗತಿ ಬೇರೆ. ಶಸ್ತ್ರಕ್ರಿಯೆಗೆ ಎಲ್ಲೆಡೆಯಂತೆ ಮದ್ದನ್ನೇ ಕೊಟ್ಟು ಅರಿವಳಿಸಿದ್ದರು; ಮರುದಿನದ ಹೊಟ್ಟೆಯುಬ್ಬರ, ನೋವುಗಳಿಗೆ ಮೊಣಕೈಯಲ್ಲೂ ಮೊಣಕಾಲುಗಳ ಕೆಳಗೂ ಸೂಜಿ ಹಾಕಿದರು. ರೆಸ್ಟನ್ನರೇ ಹೀಗೆಂದು ಬರೆದಿದ್ದಾರೆ. ದಂತಕತೆ ಹುಟ್ಟಲು ಎರಡು ಸಾವಿರ ವರ್ಷ ಬೇಕಿಲ್ಲ, ಎರಡು ವಾರ ಸಾಕು.

ಆದರೂ ಕುತೂಹಲದಿಂದ ಲಾಭವಾಯಿತು. ನೋವನ್ನು ತಗ್ಗಿಸುವ ರಸಗಳನ್ನು ನಮ್ಮ ಮಿದುಳೇ ಸ್ರವಿಸುತ್ತದೆಂಬುದು ೧೯೭೫ರ ಸುಮಾರಿಗೆ ತಿಳಿಯಿತು. ಆ ರಸಗಳನ್ನು ತಡೆಯುವ ನಲಾಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ಸೂಜಿಯ ನೋವಿಳಿಸುವ ಗುಣವೂ ಕುಗ್ಗುವುದೆಂದು ೧೯೭೭ರ ಪ್ರಯೋಗ ತೋರಿಸಿತು. ಅಂದಮೇಲೆ ಸೂಜಿಯಿಂದ ಮೈಯೊಳಗೆ ಏನೋ ನಡೆಯುವುದು ನಿಜ. ಆದರೆ ಬಿಂದುಗಳೂ ಹಾದಿಗಳೂ ನಿಜವೆ? ಜರ್ಮನಿಯಲ್ಲಿ ಸೊಂಟನೋವಿನ ೧,೧೬೨ ಜನರ ಮೇಲೆ ನಡೆದು ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶಾಸ್ತ್ರೋಕ್ತವಾಗಿ ಚುಚ್ಚಿಸಿಕೊಂಡವರಲ್ಲಿ ಶೇಕಡ ೪೭.೬ ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಕಡೆ ಸುಮ್ಮನೆ ಮೇಲಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡ ೪೪.೨, ರೂಢಿಯ ಔಷಧ, ವ್ಯಾಯಾಮಗಳನ್ನು ಪಡೆದವರಲ್ಲಿ ಶೇಕಡ ೨೭.೪. ಸೂಜಿ ಗೆದ್ದಿತು, ನಕ್ಷೆ ಗೆಲ್ಲಲಿಲ್ಲ. ಕಂಚಿನ ಪ್ರತಿಮೆಯ ಮುಂದೆ ನಡುಗುತ್ತ ನಿಂತಿದ್ದ ವಿದ್ಯಾರ್ಥಿಗಳನ್ನು ನೆನೆದರೆ ಅಯ್ಯೋ ಎನಿಸುತ್ತದೆ.

ಪಾರ್ಶ್ವವಾಯುವಿಗೆ ಹೊಸ ಕ್ರಮಗಳು ಬಂದದ್ದೂ ಎಪ್ಪತ್ತರ ದಶಕದಲ್ಲೇ. ಶಾನ್‌ಶೀ ಪ್ರಾಂತದಲ್ಲಿ ಜ್ಯಾವ್ ಶುನ್‌ಫಾ ಎಂಬುವರು ಮಿದುಳಿನ ಭಾಗಗಳಿಗೆ ಹೊಂದುವಂತೆ ನೆತ್ತಿಯ ಚರ್ಮದಲ್ಲಿ ಸೂಜಿ ಹಾಯಿಸುವ ಕ್ರಮವನ್ನು ತಂದರು. ತಿಯಾನ್‌ಜಿನ್ ನಗರದಲ್ಲಿ ಶಿ ಶುಯೆಮಿನ್ ೧೯೭೨ರಲ್ಲಿ ರೂಪಿಸಿದ ಕ್ರಮಕ್ಕೆ ಮಿದುಳನ್ನು ಎಚ್ಚರಿಸಿ ದ್ವಾರಗಳನ್ನು ತೆರೆಯುವುದೆಂಬ ಅರ್ಥದ ಹೆಸರು. ಚೀನದ ಆಸ್ಪತ್ರೆಗಳಲ್ಲಿ ಇಂದು ಪಾರ್ಶ್ವವಾಯುವಿನ ರೋಗಿಗೆ ಔಷಧ, ಅಂಗಸಾಧನೆ, ಸೂಜಿ ಮೂರೂ ಒಟ್ಟಿಗೆ ನಡೆಯುತ್ತವೆ.

ಇದರಿಂದ ಎಷ್ಟು ಗುಣ? ಈ ಪ್ರಶ್ನೆ ನನಗೆ ಬರಿಯ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ನನ್ನೊಡನೆ ಹಳಗನ್ನಡ ಪಾಠ ಹೇಳುತ್ತಿದ್ದ ಮಿತ್ರರೊಬ್ಬರಿಗೆ ಬಲಮಗ್ಗುಲು ಬಿದ್ದುಹೋಗಿ ಮಾತೂ ನಿಂತಿತು. ನೀರು ಬೇಕಾದರೆ ನೀರು ಎನ್ನಲಾರರು. ಆದರೆ ಕುಮಾರವ್ಯಾಸನ ಷಟ್ಪದಿಯನ್ನು ನಾವು ಎತ್ತಿಕೊಟ್ಟರೆ ಲಯ ಹಿಡಿದು ಪದ್ಯವನ್ನು ಮುಗಿಸುವರು. ಮನೆಯವರು ಆಸ್ಪತ್ರೆಯ ಮಾತ್ರೆ ಕೊಟ್ಟರು, ಎಣ್ಣೆ ನೀವಿಸಿದರು, ದಿನವೂ ಹಿಡಿದು ನಡೆಸಿದರು, ಸೂಜಿಯನ್ನೂ ಹಾಕಿಸಿದರು. ಆರು ತಿಂಗಳಲ್ಲಿ ಕೋಲೂರಿ ನಡೆದರು. ಕೈ ಮಾತ್ರ ಬರಲಿಲ್ಲ. ಯಾವುದರಿಂದ ಕಾಲು ಬಂತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಏನೂ ಮಾಡದಿದ್ದರೂ ಮೊದಲ ತಿಂಗಳುಗಳಲ್ಲಿ ಮಿದುಳು ಸ್ವಲ್ಪಮಟ್ಟಿಗೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಉಳಿದ ಭಾಗಗಳು ಹಾಳಾದ ಭಾಗದ ಕೆಲಸವನ್ನು ಕಲಿಯುತ್ತವೆ. ಆದ್ದರಿಂದ ಒಬ್ಬ ರೋಗಿಯನ್ನು ನೋಡಿ ಏನನ್ನೂ ತೀರ್ಮಾನಿಸುವಂತಿಲ್ಲ. ಅಂಥ ರೋಗಿಗಳ ಗುಂಪುಗಳನ್ನು ಹೋಲಿಸಿ ನೋಡಿದ ೩೧ ಪರೀಕ್ಷೆಗಳನ್ನು, ಒಟ್ಟು ೨,೨೫೭ ರೋಗಿಗಳ ವಿವರವನ್ನು ೨೦೧೬ರಲ್ಲಿ ಒಂದೆಡೆ ತೂಗಿ ನೋಡಿದರು. ನಡೆನುಡಿಗಳಲ್ಲಿ ಕೊಂಚ ಅನುಕೂಲ ಕಾಣುವುದಾದರೂ ಬಹುಪಾಲು ಪರೀಕ್ಷೆಗಳ ಗುಣಮಟ್ಟ ಸಾಲದು, ದೃಢವಾಗಿ ಹೇಳಲಾಗದು ಎಂಬುದು ಅವರು ಕೊಟ್ಟ ತೀರ್ಪು. ಹ್ವಾಂಗ್‌ಫು ಮಿ ತನ್ನ ಬಿನ್ನಹದಲ್ಲಿ ಹೇಳಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಸೂಜಿ ಜೊತೆಗಿದ್ದರೆ ಇರಲಿ. ಅಂಗಸಾಧನೆಯ ಜಾಗವನ್ನು ಅದು ಕಸಿದುಕೊಳ್ಳಬಾರದು. ಏಟು ಬಿದ್ದ ಮೊದಲ ಗಳಿಗೆಗಳಲ್ಲಂತೂ ಸೂಜಿಯ ಮನೆಗಲ್ಲ, ದೊಡ್ಡಾಸ್ಪತ್ರೆಗೇ ಓಡಬೇಕು. ಹೆಪ್ಪು ಕರಗಿಸುವ ಮದ್ದು ನಾಲ್ಕೂವರೆ ಗಂಟೆಯೊಳಗೆ ಮೈ ಸೇರಿದರಷ್ಟೇ ಫಲ.

ಬರುವ ಮುನ್ನ ತಡೆಯುವ ವಿಚಾರದಲ್ಲಿ ಮಾತ್ರ ಚೀನದ ಇತಿಹಾಸ ಅನುಮಾನಕ್ಕೆ ಎಡೆಯಿಲ್ಲದ ಪಾಠಗಳನ್ನು ಕೊಡುತ್ತದೆ. ಸಿಡುಬಿನ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿ ಮೈಗೆ ಕಾಪು ಕೊಡುವ ಕ್ರಮ ಹದಿನಾರನೆಯ ಶತಮಾನದಲ್ಲೇ ಅಲ್ಲಿತ್ತು. ಬಾಲ್ಯದಲ್ಲಿ ಸಿಡುಬಿನಿಂದ ಉಳಿದುಬಂದ ಕಾಂಗ್‌ಶಿ ಚಕ್ರವರ್ತಿ ತನ್ನ ಮನೆತನದ ಮಕ್ಕಳಿಗೆಲ್ಲ ಅದನ್ನು ಮಾಡಿಸಿದ. ನಾಲ್ಕನೆಯ ಶತಮಾನದ ಗೆ ಹೊಂಗ್ ಚಳಿಜ್ವರಕ್ಕೆಂದು, ನಮ್ಮ ದವನ, ಮಾಚಿಪತ್ರೆಗಳ ಬಳಗದ ಗಿಡವೊಂದನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕೆಂದು ಬರೆದಿಟ್ಟಿದ್ದ. ಕುದಿಸಬಾರದೆಂಬ ಸುಳಿವನ್ನು ಅಲ್ಲಿಂದ ಹಿಡಿದ ತು ಯೂಯೂ ಎಂಬ ಮಹಿಳೆ ೧೯೭೧ರಲ್ಲಿ ಮಲೇರಿಯದ ಮದ್ದಿನ ಜಾಡನ್ನು ಕಂಡುಕೊಂಡರು. ೨೦೧೫ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹಳೆಯ ಗ್ರಂಥಕ್ಕೆ ಸಲ್ಲಬೇಕಾದ ಗೌರವ ಇದು: ಪೂಜಿಸದೆ, ಹಳಿಯದೆ, ಪರೀಕ್ಷಿಸುವುದು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಪಾರ್ಶ್ವವಾಯುವಿನ ಕಿರಿಯ ಸೋದರನಂಥ ಪೋಲಿಯೊ. ೧೯೫೫ರಲ್ಲಿ ನಾನ್‌ತೊಂಗ್ ಊರಿನಲ್ಲಿ ಅದು ಎದ್ದು ೧,೬೮೦ ಜನರನ್ನು, ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು, ಬಡಿಯಿತು. ಸೋತ ಕಾಲುಗಳಿಗೆ ಚೀನೀ ವೈದ್ಯರು ಸೂಜಿ ಹಾಕಿದರು, ನೀವಿದರು, ಕಷಾಯ ಕೊಟ್ಟರು. ಹೊಸ ಕಾಲುಗಳು ಸೋಲದಂತೆ ಮಾಡಿದವರು ಗು ಫಾಂಗ್‌ಜೋ ಎಂಬ ವೈದ್ಯವಿಜ್ಞಾನಿ. ೧೯೬೦ರಲ್ಲಿ ಲಸಿಕೆಯನ್ನು ಮೊದಲು ತಾವೇ ಕುಡಿದು, ಬಳಿಕ ತಮ್ಮ ಎಳೆಯ ಮಗನಿಗೆ ಕುಡಿಸಿ ನೋಡಿದರು. ಹಳ್ಳಿಗೆ ಒಯ್ಯಲು ಸುಲಭವಾಗಲೆಂದು ಅದನ್ನು ಸಕ್ಕರೆಯ ಉಂಡೆಯಾಗಿ ಮಾಡಿಸಿದರು. ೨೦೦೦ದಲ್ಲಿ ಆ ಪ್ರದೇಶವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಸಹಜ ಪೋಲಿಯೊ ವೈರಸ್ಸಿನಿಂದ ಆದ ನಮ್ಮ ದೇಶದ ಕೊನೆಯ ಪ್ರಕರಣ ೨೦೧೧ರ ಜನವರಿಯದು. ೨೦೧೪ರಲ್ಲಿ ನಮಗೂ ಆ ಮನ್ನಣೆ ದೊರೆಯಿತು. ಸೂಜಿಯಿಲ್ಲದೆ, ಬಾಯಿಗೆ ಹಾಕಿದ ಎರಡು ಹನಿಯಿಂದ, ಒಂದು ಬಗೆಯ ಗಾಳಿ ನಮ್ಮ ಮಕ್ಕಳ ಮೇಲೆ ಬೀಸುವುದು ನಿಂತಿತು.

ದೊಡ್ಡವರಿಗೆ ಬಡಿಯುವ ಗಾಳಿ ಇನ್ನೂ ಬೀಸುತ್ತಿದೆ. ಅದರ ಬೇರು ಬಹುಮಟ್ಟಿಗೆ ರಕ್ತದೊತ್ತಡದಲ್ಲಿದೆ; ಉಪ್ಪು, ಹೊಗೆಸೊಪ್ಪು, ಸಕ್ಕರೆರೋಗ, ಮೈಗಳ್ಳತನ ಅದಕ್ಕೆ ನೀರೆರೆಯುತ್ತವೆ. ಒತ್ತಡವು ನೋಯುವುದಿಲ್ಲ, ಕಾಣುವುದಿಲ್ಲ. ಆದ್ದರಿಂದಲೇ ಚಿ ರಾಜ್ಯದ ದೊರೆಯಂತೆ ನಾವು ನಮಗೇನಾಗಿದೆ ಎನ್ನುತ್ತೇವೆ. ಬಿಯೆನ್ ಚ್ಯುಯೆ ಇಂದು ನಮ್ಮ ಊರಿಗೆ ಬಂದರೆ ಚಿನ್ನದ ಸೂಜಿಯನ್ನು ಹೊರತೆಗೆಯುವ ಮೊದಲು ನಮ್ಮ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆದಾನು. ಐದು ದಿನದ ಮೇಲೆ ಮತ್ತೆ ಬಂದಾನು. ಆತ ದೂರದಿಂದಲೇ ನೋಡಿ ಓಡಿಹೋಗುವ ತನಕ ಕಾಯಬೇಕೆ ಎಂಬುದನ್ನು ತೀರ್ಮಾನಿಸಬೇಕಾದವರು ನಾವು.